ಉರಿಮೂತ್ರ, ತಪ್ಪಿದ ಮುಟ್ಟು ಮತ್ತು ‘ಉಷ್ಣ’ ಎಂಬ ಒಂದೇ ಉತ್ತರ

“ಮೇಡಂ, ಉಷ್ಣ ಜಾಸ್ತಿಯಾಗಿ ಉರಿಮೂತ್ರ ಶುರುವಾಗಿದೆ, ಅದಕ್ಕೇ ಈ ತಿಂಗಳು ಡೇಟ್ ಕೂಡ ಮುಂದಕ್ಕೆ ಹೋಗಿದೆ.” ತಾಲ್ಲೂಕು ಕೇಂದ್ರವೊಂದರಲ್ಲಿ ಸ್ತ್ರೀರೋಗ ತಜ್ಞೆಯಾಗಿರುವ ನನಗೆ ಹೆಚ್ಚುಕಡಿಮೆ ಇದೇ ಮಾತು ವಾರಕ್ಕೆ ಎರಡು ಮೂರು ಸಲ ಕೇಳಿಬರುತ್ತದೆ. ಹೇಳುವವರ ಮಟ್ಟಿಗೆ ಇವು ಎರಡು ತೊಂದರೆಗಳಲ್ಲ, ಒಂದೇ ಕಾಯಿಲೆ. ಬಿಸಿಲಲ್ಲಿ ಓಡಾಡಿದ್ದಕ್ಕೋ, ಬಸ್ಸಿನಲ್ಲಿ ದೂರ ಪ್ರಯಾಣ ಮಾಡಿದ್ದಕ್ಕೋ, ಮಾವಿನಹಣ್ಣು ತಿಂದದ್ದಕ್ಕೋ ಮೈಯಲ್ಲಿ ಉಷ್ಣ ಏರಿದೆ. ಆ ಉಷ್ಣವೇ ಮೂತ್ರವನ್ನೂ ಉರಿಸಿದೆ, ಮುಟ್ಟನ್ನೂ ಏರುಪೇರು ಮಾಡಿದೆ. ಬಾರ್ಲಿ ನೀರು, ಎಳನೀರು, ಜೀರಿಗೆ ಮತ್ತು ಕೊತ್ತಂಬರಿ ಬೀಜ ನೆನೆಸಿದ ನೀರು ಎಲ್ಲವೂ ಆದ ಮೇಲೆ, ಯಾವುದಕ್ಕೂ ಬಗ್ಗದಿದ್ದಾಗ ನಮ್ಮಲ್ಲಿಗೆ ಬರುತ್ತಾರೆ. ಈ ಪಾನೀಯಗಳ ಬಗ್ಗೆ ನನ್ನ ತಕರಾರೇನೂ ಇಲ್ಲ; ಯಾವ ಹೆಸರಿನಲ್ಲಾದರೂ ಸರಿ, ನೀರು ಹೊಟ್ಟೆಗೆ ಹೋದರೆ ಒಳ್ಳೆಯದೇ. ತಕರಾರಿರುವುದು ಆ ಪದದ ಬಗ್ಗೆ. ಉಷ್ಣ ಎಂದು ಹೆಸರಿಟ್ಟ ಕೂಡಲೇ, ಕೇಳಬೇಕಾದ ಮುಂದಿನ ಪ್ರಶ್ನೆಗಳೆಲ್ಲ ಅಲ್ಲಿಗೇ ನಿಂತುಹೋಗುತ್ತವೆ.

ಆಯುಧಪೂಜೆಗೆ ಮೂರು ದಿನ ಇರುವಾಗ ಇಪ್ಪತ್ತೇಳರ ಹರೆಯದ ಹೆಣ್ಣುಮಗಳೊಬ್ಬಳು ಅತ್ತೆಯ ಜೊತೆ ಬಂದಿದ್ದಳು. ಎಂಟು ದಿನಗಳಿಂದ ಉರಿ, ಗಳಿಗೆಗೊಮ್ಮೆ ಎದ್ದು ಹೋಗಬೇಕು, ಹೋದರೆ ನಾಲ್ಕು ಹನಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಮೂರು ದಿನ ನಾರ್ಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆಯನ್ನೂ ಒಂದು ಸಿರಪ್ಪನ್ನೂ ತೆಗೆದುಕೊಂಡಿದ್ದಳು. ಉರಿ ಅರ್ಧ ಇಳಿದು ಮತ್ತೆ ಮರಳಿತ್ತು. “ಕಳೆದ ಸಲ ಮುಟ್ಟಾಗಿದ್ದು ಯಾವತ್ತಮ್ಮಾ?” ಎಂದು ಕೇಳಿದೆ. ನಮ್ಮ ಕಡೆಯ ಹೆಂಗಸರು ತಾರೀಖು ಹೇಳುವುದು ಕಡಿಮೆ, ಹಬ್ಬ ಹೇಳುತ್ತಾರೆ. “ಗೌರಿ ಹಬ್ಬಕ್ಕೆ ಒಂದು ವಾರ ಮುಂಚೆ” ಎಂದಳು. ಲೆಕ್ಕ ಹಾಕಿದರೆ ನಲವತ್ತು ದಿನ. “ಉಷ್ಣಕ್ಕೆ ನಿಂತಿರಬೇಕು ಅಂತ ನಾವೇ ಅಂದ್ಕೊಂಡ್ವಿ” ಎಂದು ಅತ್ತೆ ಸೇರಿಸಿದರು. ಅದೇ ಮೂತ್ರದ ಎರಡು ಹನಿಯನ್ನು ಗರ್ಭಪರೀಕ್ಷೆಯ ಪಟ್ಟಿಗೆ ಹಾಕಿದಾಗ ಎರಡು ಗೆರೆ ಮೂಡಿದವು.

ಆಕೆಗೆ ಮೂತ್ರದ ಸೋಂಕೂ ಇತ್ತು, ಗರ್ಭವೂ ನಿಂತಿತ್ತು. ಮುಟ್ಟು ತಪ್ಪಿದ್ದು ಸೋಂಕಿನಿಂದಲ್ಲ. ನುಂಗಿದ್ದ ಮಾತ್ರೆಯ ಬಗ್ಗೆ ಗಾಬರಿಪಡಬೇಕಾದದ್ದೇನೂ ಇರಲಿಲ್ಲವಾದರೂ, ಗರ್ಭಿಣಿಗೆ ನಾವು ಅದನ್ನು ಆರಿಸಿ ಕೊಡುತ್ತಿರಲಿಲ್ಲ. ಮುಟ್ಟು ತಪ್ಪಿ, ಮೂತ್ರಕ್ಕೆ ಪದೇ ಪದೇ ಹೋಗುವಂತಾದ ಮದುವೆಯಾದ ಹೆಣ್ಣಿಗೆ ಮೊದಲು ಮಾಡಬೇಕಾದದ್ದು ಗರ್ಭಪರೀಕ್ಷೆ. ಸೋಂಕಿಲ್ಲದಿದ್ದರೂ ಗರ್ಭದ ಮೊದಲ ವಾರಗಳಲ್ಲಿ ಹೀಗಾಗುವುದುಂಟು. ಮದುವೆಯಾಗದವರಲ್ಲೂ ಈ ಪ್ರಶ್ನೆಯನ್ನು ಬಿಡಬಾರದು, ಆದರೆ ಜೊತೆಗೆ ಬಂದ ತಾಯಿಯನ್ನು ಐದು ನಿಮಿಷ ಹೊರಗೆ ಕೂರಿಸಿ ಕೇಳಬೇಕು.

ಮೂತ್ರದ್ದು ಮತ್ತು ಮುಟ್ಟಿನದ್ದು, ಈ ಎರಡು ವ್ಯವಸ್ಥೆಗಳು ಎಷ್ಟು ಬೇರೆಬೇರೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೂತ್ರಕೋಶದಿಂದ ಹೊರಗೆ ತೆರೆಯುವ ಮೂತ್ರನಾಳದ ಉದ್ದ ಹೆಣ್ಣಿನಲ್ಲಿ ಸುಮಾರು 4 ಸೆಂಟಿಮೀಟರ್. ಗಂಡಿನಲ್ಲಿ ಅದು ಸುಮಾರು 20. ಗುದದ್ವಾರದ ಸುತ್ತ ಸಹಜವಾಗಿಯೇ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಈ ಗಿಡ್ಡ ದಾರಿಯನ್ನು ಏರಿ ಮೂತ್ರಕೋಶ ಸೇರಿದರೆ ಸೋಂಕು. ಸಾಮಾನ್ಯ ಸೋಂಕುಗಳಲ್ಲಿ ನಾಲ್ಕರಲ್ಲಿ ಮೂರರಷ್ಟಕ್ಕೆ ಕಾರಣ ಇದೊಂದೇ. ಮುಟ್ಟಿನ ಹಿಡಿತ ಇರುವುದಾದರೋ ಮೆದುಳಿನ ತಳದಲ್ಲಿ: ಅಲ್ಲಿನ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಸೂಚನೆ ಕಳಿಸುತ್ತದೆ, ಅಂಡಾಶಯ ಹಾರ್ಮೋನು ಸುರಿಸುತ್ತದೆ, ಗರ್ಭಕೋಶದ ಒಳಪದರ ಅದಕ್ಕೆ ತಕ್ಕಂತೆ ಬೆಳೆದು ಕಳಚುತ್ತದೆ. ಮೂತ್ರಕೋಶದಲ್ಲಿರುವ ಬ್ಯಾಕ್ಟೀರಿಯಾಕ್ಕೆ ಈ ಸರಪಳಿಯ ಯಾವ ಕೊಂಡಿಯೂ ಕೈಗೆಟುಕುವುದಿಲ್ಲ. ಆದ್ದರಿಂದ ಬರೀ ಮೂತ್ರಕೋಶದ ಸೋಂಕು ಮುಟ್ಟನ್ನು ಹಿಂದೆಮುಂದೆ ಮಾಡುವುದಿಲ್ಲ, ಅದಕ್ಕೆ ಕೊಡುವ ಆಂಟಿಬಯಾಟಿಕ್ ಕೂಡ ಮಾಡುವುದಿಲ್ಲ.

ಇದಕ್ಕೊಂದು ಅಪವಾದವಿದೆ. ಸೋಂಕು ಕಿಡ್ನಿಗೆ ಏರಿ, ಚಳಿಜ್ವರ ಬಂದು, ನಾಲ್ಕಾರು ದಿನ ಅನ್ನ ಸೇರದೆ ಮಲಗಿದವರಲ್ಲಿ ಮುಟ್ಟು ತಡವಾಗಬಹುದು; ಆದರೆ ಟೈಫಾಯಿಡ್ ಬಂದರೂ ಡೆಂಗಿ ಬಂದರೂ ಹಾಗೆಯೇ ಆಗಬಹುದು, ಅದು ಮೂತ್ರದ ಸೋಂಕಿಗೆ ಮೀಸಲಾದ ಗುಣವಲ್ಲ. ಅದರಲ್ಲಿಯೂ ಕಾಯಿಲೆ ಯಾವಾಗ ಬಂತು ಎಂಬುದು ಮುಖ್ಯ. ಅಂಡ ಬಿಡುಗಡೆಯಾದ ಮೇಲೆ ಮುಟ್ಟು ಬರಲು ಹಿಡಿಯುವ ಕಾಲ ಹೆಚ್ಚುಕಡಿಮೆ ನಿಶ್ಚಿತ, ಸುಮಾರು ಹದಿನಾಲ್ಕು ದಿನ. ಹಿಗ್ಗುವುದು ಕುಗ್ಗುವುದು ಏನಿದ್ದರೂ ಅದಕ್ಕೆ ಮುಂಚಿನ ಅವಧಿ. ಮುಟ್ಟಾದ ಎಂಟನೆಯ ದಿನ ಜೋರು ಜ್ವರ ಬಂದರೆ ಅಂಡೋತ್ಪತ್ತಿ ಮುಂದಕ್ಕೆ ಹೋಗಿ ಆ ತಿಂಗಳು ತಡವಾಗಬಹುದು. ಇಪ್ಪತ್ತೆರಡನೆಯ ದಿನ ಜ್ವರ ಬಂದರೆ ಆ ತಿಂಗಳ ಮುಟ್ಟು ಸಾಮಾನ್ಯವಾಗಿ ತನ್ನ ಹೊತ್ತಿಗೇ ಬರುತ್ತದೆ. ವಯಸ್ಕರಲ್ಲಿ 24ರಿಂದ 38 ದಿನದೊಳಗಿನ ಅಂತರವನ್ನು ಸಹಜವೆಂದೇ ಪರಿಗಣಿಸುವುದರಿಂದ, ಇಪ್ಪತ್ತೆಂಟಕ್ಕೆ ಬರಬೇಕಾದದ್ದು ಮೂವತ್ತೆರಡಕ್ಕೆ ಬಂತೆಂದು ಕಾರಣ ಹುಡುಕುತ್ತಾ ಹೋಗಬೇಕಾಗಿಲ್ಲ.

ಇನ್ನೊಂದು ಗೊಂದಲ ಹಬ್ಬದ ತಿಂಗಳುಗಳಲ್ಲಿ ಹೆಚ್ಚು. ಗೃಹಪ್ರವೇಶ, ವರಮಹಾಲಕ್ಷ್ಮಿ ಪೂಜೆ, ಧರ್ಮಸ್ಥಳದ ಯಾತ್ರೆ ಎಂದು ಮುಟ್ಟು ಮುಂದೂಡಲು ನಾರೆಥಿಸ್ಟೆರೋನ್ ಮಾತ್ರೆ ನುಂಗುತ್ತಾರೆ. ಯಾತ್ರೆಯಲ್ಲಿ ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಬಂದವರಿಗೆ ಉರಿಯೂ ಶುರುವಾಗುತ್ತದೆ, ಅದಕ್ಕೊಂದು ಆಂಟಿಬಯಾಟಿಕ್. ಮುಂದೂಡುವ ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ರಕ್ತಸ್ರಾವ ಬಂದು, ಕೆಲವರಿಗೆ ಮುಂದಿನ ಸುತ್ತೂ ತಪ್ಪಿದಾಗ ದೂರು ಬೀಳುವುದು ಆಂಟಿಬಯಾಟಿಕ್ ಮೇಲೆ. ಹಬ್ಬದ ಮಾತ್ರೆಯನ್ನು ಯಾರೂ ಔಷಧವೆಂದು ಎಣಿಸದ ಕಾರಣ ‘ಬೇರೆ ಏನಾದರೂ ಮಾತ್ರೆ ತಗೊಂಡ್ರಾ’ ಎಂದರೆ ಇಲ್ಲವೆಂದೇ ಉತ್ತರ. ‘ಡೇಟ್ ಮುಂದೆ ಹಾಕಿಕೊಂಡಿದ್ರಾ’ ಎಂದು ಕೇಳಿದಾಗ ಮಾತ್ರ ಹೌದು.

ಹಾಗಾದರೆ ಎರಡಕ್ಕೂ ನಿಜವಾದ ನಂಟು ಎಂದೂ ಇರುವುದಿಲ್ಲವೇ? ಇರುತ್ತದೆ, ಆದರೆ ಒಂದು ಇನ್ನೊಂದನ್ನು ಹುಟ್ಟಿಸುವುದರಿಂದಲ್ಲ, ಮೂರನೆಯದೊಂದು ಎರಡನ್ನೂ ಹುಟ್ಟಿಸುವುದರಿಂದ. ಅದಕ್ಕಾಗಿ ನಾನು ತಪ್ಪದೆ ಕೇಳುವ ಪ್ರಶ್ನೆ, ಉರಿ ಒಳಗೋ ಹೊರಗೋ ಎಂಬುದು. ಮೂತ್ರ ಹೊರಡುವಾಗಲೇ ಒಳಗಿನಿಂದ ಉರಿದು, ಕಿಬ್ಬೊಟ್ಟೆ ಹಿಡಿದಂತಾದರೆ ಮೂತ್ರಕೋಶದ ಕಡೆಗೆ ನೋಡಬೇಕು. ಹೊರಬಂದ ಮೂತ್ರ ಚರ್ಮಕ್ಕೆ ತಗುಲಿದಾಗ ಚುರ್ ಎಂದು, ಜೊತೆಗೆ ತುರಿಕೆ, ಮೊಸರಿನ ಗರಣೆಯಂತಹ ಬಿಳುಪು ಇದ್ದರೆ ಅದು ಯೋನಿಯ ಶಿಲೀಂಧ್ರ ಸೋಂಕು. ಎರಡು ತಿಂಗಳಿಗೊಮ್ಮೆ ಮುಟ್ಟಾಗುತ್ತಿದ್ದ ಒಬ್ಬ ಶಿಕ್ಷಕಿ ವರ್ಷದಲ್ಲಿ ನಾಲ್ಕು ಸಲ ‘ಯೂರಿನ್ ಇನ್ಫೆಕ್ಷನ್’ಗೆಂದು ಆಂಟಿಬಯಾಟಿಕ್ ತಿಂದು ಬಂದಿದ್ದರು. ಕುತ್ತಿಗೆಯ ಹಿಂಭಾಗದ ಚರ್ಮ ಕಪ್ಪಾಗಿ ವೆಲ್ವೆಟ್ಟಿನಂತೆ ದಪ್ಪವಾಗಿತ್ತು. ಅದನ್ನು ಕಂಡೇ ಸಕ್ಕರೆ ಪರೀಕ್ಷೆ ಬರೆದೆ. ಪಿಸಿಓಎಸ್‌, ಅಂದರೆ ಹಾರ್ಮೋನು ಏರುಪೇರಾಗಿ ಅಂಡೋತ್ಪತ್ತಿ ತಪ್ಪುವ ತೊಂದರೆ ಇದ್ದು, ಇನ್ಸುಲಿನ್ ಕೆಲಸ ಮಾಡದೆ, ಆಗಲೇ ಮಧುಮೇಹಕ್ಕೆ ತಿರುಗಿತ್ತು. ಅಂಡೋತ್ಪತ್ತಿ ಆಗದೆ ಮುಟ್ಟು ದೂರವಾಗುತ್ತಿದ್ದುದು ಪಿಸಿಓಎಸ್‌ನಿಂದ, ಉರಿಯುತ್ತಿದ್ದುದು ಸಕ್ಕರೆಯ ಮೇಲೆ ಬೆಳೆದ ಶಿಲೀಂಧ್ರದಿಂದ. ಪ್ರತಿ ಸಲದ ಆಂಟಿಬಯಾಟಿಕ್ ರಕ್ಷಕ ಬ್ಯಾಕ್ಟೀರಿಯಾಗಳನ್ನು ಕೊಂದು ಶಿಲೀಂಧ್ರಕ್ಕೆ ಇನ್ನಷ್ಟು ಜಾಗ ಮಾಡಿಕೊಡುತ್ತಿತ್ತು. ಸಕ್ಕರೆಯನ್ನು ಮೂತ್ರದ ದಾರಿಯಲ್ಲಿ ಹೊರಹಾಕುವ ಗ್ಲಿಫ್ಲೋಜಿನ್ ಗುಂಪಿನ ಮಧುಮೇಹದ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿಯೂ ಈ ಶಿಲೀಂಧ್ರದ ಉರಿ ಹೆಚ್ಚು.

ಭಾರತದಲ್ಲಿ ವೈದ್ಯಳಾಗಿರುವವಳು ಮರೆಯಬಾರದ ಮತ್ತೊಂದು ಕಾರಣ, ಮೂತ್ರದ ದಾರಿಗೂ ಗರ್ಭಕೋಶಕ್ಕೂ ಹಬ್ಬಬಲ್ಲ ಕ್ಷಯ. ಮೂತ್ರದಲ್ಲಿ ಕೀವು ಕಣಗಳು ತುಂಬಿರುತ್ತವೆ, ಆದರೆ ಕಲ್ಚರ್ ಮಾಡಿದರೆ, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡಿದರೆ, ಏನೂ ಬೆಳೆಯುವುದಿಲ್ಲ. ಜೊತೆಗೆ ಮುಟ್ಟಿನ ಸ್ರಾವ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಾ ಬಟ್ಟೆಗೆ ಕಲೆಯಷ್ಟೇ ಆಗಿದೆ, ಮಕ್ಕಳೂ ಆಗಿಲ್ಲ. ಹೀಗೆ ಮೂರೂ ಕೂಡಿ ಬಂದಾಗ ಮಾಮೂಲಿ ಸೋಂಕಿನ ಮಾತ್ರೆಯನ್ನು ಇನ್ನೊಂದು ವಾರ ಬರೆದು ಕಳಿಸುವುದು ತಪ್ಪು. ಕ್ಷಯದ ಬ್ಯಾಕ್ಟೀರಿಯಾ ಮಾಮೂಲಿ ಕಲ್ಚರ್‌ನಲ್ಲಿ ಬೆಳೆಯುವುದಿಲ್ಲವಾದ್ದರಿಂದ ಮೂರು ದಿನ ಬೆಳಗಿನ ಮೊದಲ ಮೂತ್ರವನ್ನು ಬೇರೆಯಾಗಿಯೇ ಪರೀಕ್ಷೆಗೆ ಕಳಿಸಬೇಕು, ಗರ್ಭಕೋಶದ ಒಳಪದರದ ಮಾದರಿಯನ್ನೂ ನೋಡಬೇಕು. ಕ್ಲಮೀಡಿಯಾದಂತಹ ಲೈಂಗಿಕ ಸೋಂಕೂ ಇದೇ ರೀತಿ ಬೆಳವಣಿಗೆಯಿಲ್ಲದ ಕಲ್ಚರ್ ಮತ್ತು ಉರಿ ಕೊಡುತ್ತದೆ, ಎರಡು ಮುಟ್ಟಿನ ನಡುವೆ ರಕ್ತ ಕಾಣಿಸುತ್ತದೆ. ಆಗ ಗಂಡನಿಗೂ ಚಿಕಿತ್ಸೆ ಆಗಬೇಕು.

ವಯಸ್ಸು ನಲವತ್ತೈದು ದಾಟಿದವರ ಕಥೆ ಬೇರೆ, ಇಲ್ಲಿ ನಂಟು ನೇರವಾದದ್ದು. ಅಂಡಾಶಯದ ಈಸ್ಟ್ರೋಜನ್ ಹಾರ್ಮೋನು ಇರುವವರೆಗೆ ಯೋನಿಯ ಒಳಚರ್ಮದಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ತುಂಬಿರುತ್ತದೆ; ಅದನ್ನೇ ಆಹಾರ ಮಾಡಿಕೊಂಡು ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳು ಅಲ್ಲಿ ಹುಳಿ ವಾತಾವರಣ ಕಾಯ್ದುಕೊಳ್ಳುತ್ತವೆ, ಇ. ಕೋಲಿ ಸುಲಭವಾಗಿ ತಳವೂರುವುದಿಲ್ಲ. ಮುಟ್ಟು ನಿಲ್ಲುತ್ತಾ ಬಂದಂತೆ ಈಸ್ಟ್ರೋಜನ್ ಇಳಿದು ಈ ಕಾವಲು ಸಡಿಲವಾಗುತ್ತದೆ. ಆರು ತಿಂಗಳಲ್ಲಿ ಎರಡು ಅಥವಾ ವರ್ಷದಲ್ಲಿ ಮೂರು ಸಲ ಸೋಂಕಾದರೆ ನಾವು ಅದನ್ನು ಮರುಕಳಿಸುವ ಸೋಂಕು ಎನ್ನುತ್ತೇವೆ. ಅಂತಹ, ಮುಟ್ಟು ನಿಂತ ಹೆಂಗಸರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಕೊಟ್ಟು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ರೀಮ್ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 0.5 ಸಲ, ಔಷಧವಿಲ್ಲದ ಕ್ರೀಮ್ ಹಚ್ಚಿದವರಿಗೆ 5.9 ಸಲ ಸೋಂಕು ಬಂದಿತ್ತು. ಇಷ್ಟು ಹಳೆಯ ಮತ್ತು ಇಷ್ಟು ಸ್ಪಷ್ಟವಾದ ಪುರಾವೆ ಇದ್ದರೂ ನಮ್ಮಲ್ಲಿ ಇದನ್ನು ಬರೆಯುವವರೂ ಕಡಿಮೆ, ಹಚ್ಚಿಕೊಳ್ಳುವವರೂ ಕಡಿಮೆ. ‘ಹಾರ್ಮೋನು’ ಎಂಬ ಪದಕ್ಕೆ ಹೆದರಿ ಟ್ಯೂಬನ್ನು ಬೀರುವಿನಲ್ಲಿಟ್ಟು, ಮೂರು ತಿಂಗಳಿಗೊಮ್ಮೆ ಆಂಟಿಬಯಾಟಿಕ್ ತಿನ್ನುವುದನ್ನೇ ಮೇಲೆಂದುಕೊಳ್ಳುತ್ತಾರೆ. ಸ್ತನ ಕ್ಯಾನ್ಸರ್ ಆದವರು ಮಾತ್ರ ತಮ್ಮ ಕ್ಯಾನ್ಸರ್ ತಜ್ಞರನ್ನು ಕೇಳಿಯೇ ಹಚ್ಚಿಕೊಳ್ಳಬೇಕು.

ಪರೀಕ್ಷೆಯ ಡಬ್ಬಿಯ ಬಗ್ಗೆ ಎರಡು ಮಾತು. ಮುಟ್ಟಿನ ದಿನಗಳಲ್ಲಿ ಕೊಟ್ಟ ಮೂತ್ರದಲ್ಲಿ ರಕ್ತಕಣ ಕಾಣುವುದು ಸಹಜ; ಬಿಳುಪು ಬೆರೆತರೆ ಕೀವು ಕಣಗಳೂ ಕಾಣುತ್ತವೆ. ಆ ವರದಿಯನ್ನು ಹಿಡಿದು ಕಿಡ್ನಿಯ ಕಲ್ಲೆಂದೋ ಸೋಂಕೆಂದೋ ಚಿಕಿತ್ಸೆಗೆ ಹೊರಟವರನ್ನು ನೋಡಿದ್ದೇನೆ. ತುರ್ತಿಲ್ಲದಿದ್ದರೆ ಮುಟ್ಟು ಮುಗಿಯುವವರೆಗೆ ಕಾಯಬಹುದು; ತುರ್ತಿದ್ದರೆ ಲ್ಯಾಬಿನವರಿಗೆ ಹೇಳಿ, ನೀರಿನಿಂದ ತೊಳೆದು, ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಬೇಕು. ಮನೆಯಿಂದ ಹಾರ್ಲಿಕ್ಸ್ ಬಾಟಲಿಯಲ್ಲಿ ತಂದು ಎರಡು ಗಂಟೆ ಬಸ್ಸಿನಲ್ಲಿ ಬಂದ ಮೂತ್ರದಲ್ಲಿ ಬೆಳೆದದ್ದು ಮೂತ್ರಕೋಶದ್ದೋ ಬಾಟಲಿಯದ್ದೋ ಯಾರಿಗೂ ಹೇಳಲಾಗುವುದಿಲ್ಲ.

ಔಷಧದಲ್ಲಿಯೂ ನಮ್ಮ ಕಡೆ ಒಂದು ಅಭ್ಯಾಸ ಕೂತುಬಿಟ್ಟಿದೆ. ಸಾಮಾನ್ಯ ಸೋಂಕಿಗೆ ಈಗ ನಾವು ನಂಬುವ ಮಾತ್ರೆಗಳಲ್ಲಿ ನೈಟ್ರೋಫುರಾಂಟೋಯಿನ್ ಒಂದು, ಐದು ದಿನದ್ದು. ಅದು ಹುಳಿ ಮೂತ್ರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಉರಿ ಇಳಿಸಲೆಂದು ಜೊತೆಗೆ ಕೊಡುವ ಆಲ್ಕಲೈಸರ್ ಸಿರಪ್ ಮೂತ್ರದ ಹುಳಿಯನ್ನೇ ತೆಗೆದು ಮಾತ್ರೆಯ ಬಲ ಕುಗ್ಗಿಸುತ್ತದೆ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆಯುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ನಾರ್ಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್‌ಗಳಿಗೆ ನಮ್ಮ ದೇಶದ ಇ. ಕೋಲಿ ಬಹುಪಾಲು ಒಗ್ಗಿಹೋಗಿದೆ. ಮೂರು ದಿನ ತಿಂದು ಉರಿ ಮರಳಿದ್ದಕ್ಕೆ ಅದೂ ಒಂದು ಕಾರಣ.

ನೀರಿನ ಬಗ್ಗೆ ಪುರಾವೆ ಇದೆ: ಪದೇ ಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರಲ್ಲಿ ಅರ್ಧ ಜನರಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿಸಿದ 2018ರ ಅಧ್ಯಯನದಲ್ಲಿ, ವರ್ಷದ ಸೋಂಕು ಸರಾಸರಿ 3.2ರ ಬದಲು 1.7ಕ್ಕೆ ಇಳಿದಿತ್ತು. ಆದರೆ ನೀರು ಕುಡಿಯಿರಿ ಎಂದು ಹೇಳುವುದು ಸುಲಭ. ಬೆಳಗ್ಗೆ ಎಂಟಕ್ಕೆ ಬಸ್ಸು ಹತ್ತಿ ಸಂಜೆ ಆರಕ್ಕೆ ಮನೆ ಸೇರುವ ಬಟ್ಟೆ ಅಂಗಡಿಯ ಹುಡುಗಿ, ಅಂಗಡಿಯಲ್ಲಿ ಶೌಚಾಲಯವಿಲ್ಲ ಎಂಬ ಒಂದೇ ಕಾರಣಕ್ಕೆ ಮಧ್ಯಾಹ್ನದ ಊಟಕ್ಕೂ ನೀರು ಮುಟ್ಟುವುದಿಲ್ಲ. ಮುಟ್ಟಿನ ದಿನ ಪ್ಯಾಡ್ ಬದಲಿಸುವುದೂ ಸಂಜೆಗೇ. ಅಂಥವಳಿಗೆ ಚೀಟಿಯಲ್ಲಿ ‘ಮೂರು ಲೀಟರ್’ ಎಂದು ಬರೆದು ಕೊಡುವಾಗ ನನಗೇ ಸಂಕೋಚವಾಗುತ್ತದೆ.

ಕಾಯಬಾರದ ಸಂದರ್ಭಗಳು ಕೆಲವಿವೆ. ನಡುಕದ ಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ ಇದ್ದರೆ ಸೋಂಕು ಕಿಡ್ನಿಗೆ ಏರಿದೆ ಎಂದೇ ತಿಳಿದು ಅದೇ ದಿನ ಬರಬೇಕು. ಮುಟ್ಟು ತಪ್ಪಿ, ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ನೋವು, ಸ್ವಲ್ಪ ರಕ್ತದ ಕಲೆ, ತಲೆಸುತ್ತು ಬಂದರೆ ಅದು ಗರ್ಭನಾಳದಲ್ಲಿ ನಿಂತ ಗರ್ಭವಾಗಿರಬಹುದು. ಮೂತ್ರದ ಉರಿ ಇದ್ದರೂ ಇಲ್ಲದಿದ್ದರೂ ಒಂದು ರಾತ್ರಿಯೂ ತಡಮಾಡಬಾರದು. ಗರ್ಭಿಣಿಯರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದು ಉರಿಯೇ ಇಲ್ಲದಿದ್ದರೂ ಚಿಕಿತ್ಸೆ ಬೇಕು, ಬಿಟ್ಟರೆ ನೂರಕ್ಕೆ ಇಪ್ಪತ್ತು ಮೂವತ್ತು ಮಂದಿಯಲ್ಲಿ ಅದು ಕಿಡ್ನಿಯನ್ನು ತಲುಪುತ್ತದೆ.

ಆಯುಧಪೂಜೆಗೆ ಮುಂಚೆ ಬಂದಿದ್ದ ಹೆಣ್ಣುಮಗಳಿಗೆ ಕಲ್ಚರ್ ಕಳಿಸಿ, ಗರ್ಭಕ್ಕೆ ಹೊಂದುವ ಸೆಫಲೆಕ್ಸಿನ್ ಕೊಟ್ಟೆ. ಇ. ಕೋಲಿಯೇ ಬೆಳೆದಿತ್ತು, ನಾರ್ಫ್ಲಾಕ್ಸಾಸಿನ್‌ಗೆ ಜಗ್ಗದ್ದು, ಸೆಫಲೆಕ್ಸಿನ್‌ಗೆ ಬಗ್ಗುವಂಥದ್ದು. ಮಾತ್ರೆ ಮುಗಿದ ಹತ್ತು ದಿನಕ್ಕೆ ಮತ್ತೆ ಕಲ್ಚರ್ ಮಾಡಿಸಿದಾಗ ಏನೂ ಇರಲಿಲ್ಲ, ಸ್ಕ್ಯಾನಿನಲ್ಲಿ ಮಗುವಿನ ಹೃದಯ ಬಡಿಯುತ್ತಿತ್ತು. ಎದ್ದು ಹೊರಡುವಾಗ ಅತ್ತೆ ಬಾಗಿಲ ಬಳಿ ನಿಂತು, “ಬಾರ್ಲಿ ನೀರು ಕೊಡಬಹುದಲ್ವಾ ಮೇಡಂ?” ಎಂದು ಕೇಳಿದರು. ಧಾರಾಳವಾಗಿ ಕೊಡಿ, ಸಕ್ಕರೆ ಕಡಿಮೆ ಹಾಕಿ ಎಂದೆ.