ಎಸ್‌ಕ್ಯೂಎಲ್ ಒಂದೇ, ಆದರೆ ಡೇಟಾಬೇಸಿಗೊಂದು ಆಡುಮಾತು

ಎಸ್‌ಕ್ಯೂಎಲ್ ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ. ಅದರಲ್ಲಿ ಒಂದು ಟೇಬಲ್‌ನ ಮೊದಲ ಹತ್ತು ಸಾಲು ಬೇಕು, ಅಷ್ಟೇ. ಎಸ್‌ಕ್ಯೂಎಲ್ ಸರ್ವರ್ ಅನ್ನುವ ಡೇಟಾಬೇಸ್‌ನಲ್ಲಿ ಸೆಲೆಕ್ಟ್ ಅನ್ನುವ ಪದದ ಪಕ್ಕದಲ್ಲೇ ಟಾಪ್ 10 ಅಂತ ಬರೆಯಬೇಕು. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ನಲ್ಲಿ ಕೊನೆಗೆ ಲಿಮಿಟ್ 10. ಹಳೇ ಒರಾಕಲ್ ಆದರೆ ಸಾಲಿನ ಸಂಖ್ಯೆ ಕೊಡುವ ರೋನಮ್ ಹಾಕಬೇಕು, ಸಾಲುಗಳನ್ನು ಕ್ರಮವಾಗಿ ಜೋಡಿಸುವ ಆರ್ಡರ್ ಬೈ ಇದ್ದರಂತೂ ಇಡೀ ಕ್ವೆರಿಯನ್ನು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯನ್ನು) ಇನ್ನೊಂದು ಸೆಲೆಕ್ಟ್ ಒಳಗೆ ಸೇರಿಸಬೇಕು. ಭಾಷೆ ಒಂದೇ ಅಲ್ವಾ, ಮತ್ತೆ ಯಾಕೆ ಹೀಗೆ?

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಡೇಟಾವನ್ನು ಟೇಬಲ್‌ಗಳಲ್ಲಿ ಇಡುವ ರಿಲೇಷನಲ್ ಮಾದರಿಯ ಬಗ್ಗೆ ಪ್ರಬಂಧ ಬರೆದರು. ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ 1974ರಲ್ಲಿ ಅದಕ್ಕೊಂದು ಭಾಷೆ ಕಟ್ಟಿದರು. ಹೆಸರು ಸೀಕ್ವೆಲ್. ಆ ಹೆಸರು ಆಗಲೇ ಬೇರೆಯವರ ಟ್ರೇಡ್‌ಮಾರ್ಕ್ ಆಗಿತ್ತು, ಹಾಗಾಗಿ ಎಸ್‌ಕ್ಯೂಎಲ್ ಆಯಿತು. ಐಬಿಎಂ ಇನ್ನೂ ಪ್ರಯೋಗದಲ್ಲೇ ಇದ್ದಾಗ, ಆ ಪ್ರಬಂಧಗಳನ್ನು ಓದಿಕೊಂಡ ಲ್ಯಾರಿ ಎಲಿಸನ್ ತಂಡ 1979ರಲ್ಲಿ ಒರಾಕಲ್ ಅನ್ನು ಮಾರುಕಟ್ಟೆಗೆ ಇಳಿಸಿಯೇಬಿಟ್ಟಿತು.

ಎಲ್ಲರೂ ಒಂದೇ ಥರ ಬರೆಯಲಿ ಅಂತ ಈ ಭಾಷೆಗೆ ಸ್ಟ್ಯಾಂಡರ್ಡ್ ಬಂದದ್ದು 1986ರಲ್ಲಿ. ಏಳು ವರ್ಷ ತಡವಾಗಿ! ಅಷ್ಟರಲ್ಲಿ ಗ್ರಾಹಕರ ಪ್ರೋಗ್ರಾಮ್‌ಗಳು ಓಡುತ್ತಿದ್ದವು, ಅವನ್ನು ಮುರಿಯಲು ಯಾವ ಕಂಪನಿಗೆ ಮನಸ್ಸು ಬರುತ್ತದೆ? ಅದೂ ಅಲ್ಲದೆ ಸ್ಟ್ಯಾಂಡರ್ಡ್‌ನಲ್ಲಿ ಎಲ್ಲವೂ ಇರಲಿಲ್ಲ. ಈ ಹತ್ತು ಸಾಲಿನ ವಿಷಯವನ್ನೇ ನೋಡಿ, ಇದಕ್ಕೆ ಫೆಚ್ ಫಸ್ಟ್ ಅನ್ನುವ ನಿಯಮ ಸೇರಿದ್ದು 2008ರಲ್ಲಿ, ಒರಾಕಲ್‌ಗೆ ಅದು ಬಂದದ್ದು 2013ರ 12ಸಿ ಆವೃತ್ತಿಯಲ್ಲಿ.

ಈ ಮಧ್ಯೆ ಗೂಗಲ್‌ನ ಬಿಗ್‌ಟೇಬಲ್ ಪ್ರಬಂಧ 2006ರಲ್ಲಿ, ಅಮೆಜಾನ್‌ನ ಡೈನಮೋ ಪ್ರಬಂಧ 2007ರಲ್ಲಿ, ಮಾಂಗೋಡಿಬಿ 2009ರಲ್ಲಿ ಬಂದವು. ಈ ಡೇಟಾಬೇಸ್‌ಗಳು ಎಸ್‌ಕ್ಯೂಎಲ್ ಬಿಟ್ಟು ಬೇರೆ ದಾರಿಯವು ಅಂತ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಹುಷಾರಾಗಿ ಕೈಹಾಕುತ್ತೇವೆ. ನನಗೆ ಜಾಸ್ತಿ ಭಯ ಒಂದೇ ಥರ ಕಾಣುವವುಗಳದ್ದು.

ಉದಾಹರಣೆಗೆ, ಮೊದಲ ಹೆಸರು, ಮಧ್ಯದ ಹೆಸರು, ಕೊನೆಯ ಹೆಸರು ಮೂರನ್ನೂ ಎರಡು ಉದ್ದಗೆರೆಗಳ (||) ಚಿಹ್ನೆಯಿಂದ ಜೋಡಿಸುವ ಕ್ವೆರಿ ಒರಾಕಲ್‌ನಲ್ಲಿದೆ ಅನ್ನಿ. ಮಧ್ಯದ ಹೆಸರು ಇಲ್ಲದವರಿಗೆ ಅಲ್ಲಿ ನಲ್, ಅಂದರೆ ಮಾಹಿತಿ ಇಲ್ಲ ಅನ್ನುವ ಗುರುತು, ಇರುತ್ತದೆ. ನಮ್ಮಲ್ಲಿ ಅಂಥವರೇ ಜಾಸ್ತಿ. ಒರಾಕಲ್ ಆ ನಲ್ ಅನ್ನು ಸುಮ್ನೆ ಬಿಟ್ಟು ಉಳಿದ ಎರಡನ್ನು ಸೇರಿಸಿ ಕೊಡುತ್ತದೆ. ಅದೇ ಕ್ವೆರಿಯನ್ನು ಪೋಸ್ಟ್‌ಗ್ರೆಸ್‌ಗೆ ಸಾಗಿಸಿದರೆ ಇಡೀ ಹೆಸರೇ ನಲ್. ಮೈಎಸ್‌ಕ್ಯೂಎಲ್‌ನಲ್ಲಿ, ಸೆಟ್ಟಿಂಗ್ ಬದಲಿಸದಿದ್ದರೆ, ಆ ಚಿಹ್ನೆಗೆ 'ಅಥವಾ' ಅಂತ ಅರ್ಥ, ಮೂರೂ ಹೆಸರು ಇದ್ದವರಿಗೂ ಸಾಮಾನ್ಯವಾಗಿ 0 ಬರುತ್ತದೆ. ಎರಡು ಕಡೆಯೂ ಕ್ವೆರಿ ನಿಲ್ಲುವುದಿಲ್ಲ, ಸಾಲುಗಳ ಎಣಿಕೆಯೂ ಸರಿಯಾಗೇ ಇರುತ್ತದೆ. ಅದಕ್ಕೇ ಡೇಟಾ ಸಾಗಿಸಿದ ಮೇಲೆ ನಾನು ಎಣಿಕೆ ನೋಡಿ ಬಿಡುವುದಿಲ್ಲ, ಹಳೇ ರಿಪೋರ್ಟನ್ನೂ ಹೊಸದನ್ನೂ ಕಾಲಂ ಕಾಲಂ ತಾಳೆ ನೋಡುತ್ತೇನೆ.