ಬಾಣಂತಿಗೆ ಗಾಳಿ ಸೋಕಿದೆ ಅಂತಾರೆ, ಪುರುಡು ಕಳೆಯೋವರೆಗೆ ಕಾಯಬಹುದಾ?

ಪ್ರಶ್ನೆ: ಸೊಸೆಗೆ ಹೆರಿಗೆಯಾಗಿ ಎಂಟು ದಿನ. ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ಯಾರೋ ಕರೀತಿದಾರೆ ಅಂತಾಳೆ, ಮಗು ಬದಲಾಗಿದೆ ಅಂತಾಳೆ. ಬೆಳಿಗ್ಗೆ ನೋಡಿದರೆ ಏನೂ ಆಗದವಳ ಹಾಗೆ ಇರ್ತಾಳೆ. ಗಾಳಿ ಸೋಕಿದೆ, ಹನ್ನೊಂದು ದಿನ ಕಳೆಯೋವರೆಗೆ ಹೊಸ್ತಿಲು ದಾಟಿಸಬೇಡಿ ಅಂತ ಹಿರಿಯರು ಹೇಳ್ತಾರೆ. ಕಾಯಬಹುದಾ?

ಉತ್ತರ: ಕಾಯಬಾರದು. ಇವತ್ತೇ ಹೊರಡಿ. ಇಷ್ಟು ಓದಿ ಉಳಿದದ್ದನ್ನು ಬಿಟ್ಟು ಗಾಡಿ ಹತ್ತಿದರೂ ನಮಗೆ ಬೇಸರವಿಲ್ಲ.

ಇದೇ ಪ್ರಶ್ನೆ ದಿನದ ಲೆಕ್ಕವೊಂದನ್ನು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ನೀವು ಬರೆದಿರುವುದಕ್ಕೆ ಹಳಬರೇ ಇಟ್ಟ ಹೆಸರಿದೆ: ಬಾಣಂತಿ ಸನ್ನಿ. ಸನ್ನಿ ಅಂದರೆ ಸನ್ನಿಪಾತ, ಮೂರೂ ದೋಷ ಒಟ್ಟಿಗೆ ಕೆರಳುವ ಕಾಯಿಲೆ ಅಂತ ವೈದ್ಯದ ಮಾತು. ಆ ಪದದಲ್ಲಿ ದೆವ್ವದ ಸುಳಿವೇ ಇಲ್ಲ. ಸಾವಿರ ಹೆರಿಗೆಗೆ ಒಬ್ಬರೋ ಇಬ್ಬರೋ ಈ ಮನೋವಿಕಾರಕ್ಕೆ ಸಿಗುತ್ತಾರೆ. ಮೊದಲ ಹೆರಿಗೆಯಲ್ಲಿ ಹೆಚ್ಚು, ಬಹುಪಾಲು ಮೊದಲ ಎರಡು ವಾರದೊಳಗೆ. ಮೂರನೇ ದಿನ ಸುಮ್ಮಸುಮ್ಮನೆ ಅಳು ಬಂದು ವಾರದಲ್ಲಿ ತಾನೇ ಹೋಗುವುದು ಬೇರೆ. ಅದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುತ್ತದೆ, ಅದಕ್ಕೆ ಮಾತ್ರೆ ಬೇಕಿಲ್ಲ.

ಈಗ ಎಷ್ಟು ಸಲ ಹೇಳಿದರೂ ಜಗ್ಗದ ಆ ವಾದಕ್ಕೆ ಬರೋಣ. "ಕಾಯಿಲೆಯಾಗಿದ್ದರೆ ದಿನವಿಡೀ ಇರಬೇಕಿತ್ತು. ಬೆಳಿಗ್ಗೆ ನೆಟ್ಟಗಿದ್ದು ರಾತ್ರಿ ಬೇರೆಯವಳಾಗ್ತಾಳೆ ಅಂದರೆ ಅದು ಬಂದು ಹೋಗೋ ಗಾಳಿಯೇ." ಕೇಳಲು ತರ್ಕಬದ್ಧವಾಗಿದೆ, ಓದಿದವರೂ ಹೇಳುತ್ತಾರೆ. ಆದರೆ ಬಂದು ಹೋಗುವುದೇ ಈ ಕಾಯಿಲೆಯ ಗುರುತು. ಮಾಸು ಬಿದ್ದ ಮೇಲೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಕೆಲವೇ ದಿನಗಳಲ್ಲಿ ಪಾತಾಳಕ್ಕಿಳಿಯುತ್ತವೆ, ಮೇಲೆ ನಿದ್ದೆಗೇಡು. ಬೈಪೋಲಾರ್, ಅಂದರೆ ಮನಸ್ಸು ಅತಿ ಉಬ್ಬರಕ್ಕೂ ಅತಿ ಕುಗ್ಗುವಿಕೆಗೂ ತೂಗಾಡುವ ಕಾಯಿಲೆಯ ಒಲವಿರುವ ಮಿದುಳು ಈ ಹೊಡೆತಕ್ಕೆ ಬೇಗ ಹದ ತಪ್ಪುತ್ತದೆ. ಆಗ ಗಂಟೆಗಂಟೆಗೂ ಲಕ್ಷಣ ಬದಲಾಗುತ್ತದೆ: ಹತ್ತು ಗಂಟೆಗೆ ಅತ್ತೆಯ ಜೊತೆ ಸರಿಯಾಗಿ ಮಾತು, ಹನ್ನೆರಡಕ್ಕೆ ಗೋಡೆಯ ಜೊತೆ ಜಗಳ, ನಾಲ್ಕಕ್ಕೆ ಮಂಕು. ಮಲೇರಿಯಾ ಜ್ವರವೂ ಬಿಟ್ಟು ಬಿಟ್ಟು ಬರುತ್ತದೆ, ಮೂರ್ಛೆರೋಗವೂ ಎರಡು ನಿಮಿಷ ಬಂದು ಹೋಗುತ್ತದೆ. ಅವಕ್ಕೆಲ್ಲ ಒಪ್ಪುವ ನಾವು ಇದೊಂದಕ್ಕೆ ಮಾತ್ರ ಹಾಜರಿ ಪುಸ್ತಕ ಹಿಡಿದು ಕೂರುತ್ತೇವೆ.

ತಾಯತಕ್ಕೆ ಹೆಸರು ಬರುವುದೂ ಇಲ್ಲಿಂದಲೇ. ಮಂತ್ರವಾದಿಯನ್ನು ಕರೆಸುವುದು ಅವಳು ತೀರಾ ಕೆಟ್ಟಿರುವ ಹೊತ್ತಿನಲ್ಲಿ. ಅಲ್ಲಿಂದ ಮುಂದೆ ಯಾವ ಗಳಿಗೆ ಬಂದರೂ ಅದಕ್ಕಿಂತ ಮೇಲೇ ಇರುತ್ತದೆ, ನಿಂಬೆಹಣ್ಣು ಕೊಯ್ದರೂ ಸರಿ, ಕೊಯ್ಯದಿದ್ದರೂ ಸರಿ. ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಯಿತು ಅಂದುಕೊಂಡ ಅಜ್ಜಿಯ ಲೆಕ್ಕ ಇದು. ಮರುರಾತ್ರಿ ಮತ್ತೆ ಕೆರಳಿದಾಗ "ಇನ್ನೊಂದು ಉಳಿದುಕೊಂಡಿದೆ" ಎಂಬ ಉತ್ತರ ತಯಾರಿರುತ್ತದೆ. ಸತ್ತ ನಾದಿನಿಯ ಹೆಸರನ್ನೇ ಹೇಳಿದಳಲ್ಲ ಅಂತ ಕೇಳುವವರಿಗೆ: ಆ ಹೆಸರು ಮನೆಯ ಎಲ್ಲರ ಬಾಯಲ್ಲೂ ಇತ್ತು, ಅವಳ ಕಿವಿಗೂ ಬಿದ್ದಿತ್ತು.

ಈ ಏರಿಳಿತಕ್ಕೆ ವೈದ್ಯರೂ ಮೋಸ ಹೋಗುತ್ತಾರೆ. ಹೊರರೋಗಿ ವಿಭಾಗದಲ್ಲಿ ಐದು ನಿಮಿಷ ಚಂದವಾಗಿ ಉತ್ತರ ಕೊಟ್ಟರೆ "ಸುಸ್ತಷ್ಟೇ" ಅಂತ ವಾಪಸ್ಸು ಕಳಿಸಿಬಿಡಬಹುದು. ಹಾಗಾಗಿ ಎಷ್ಟು ಗಂಟೆ ನಿದ್ದೆ ಮಾಡಿದಳು, ಯಾವಾಗ ಏನು ಹೇಳಿದಳು ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ರಾತ್ರಿಯ ಒಂದು ನಿಮಿಷದ ವಿಡಿಯೋ ಇದ್ದರೆ ವೈದ್ಯರಿಗಷ್ಟೇ ತೋರಿಸಿ, ನೆಂಟರ ವಾಟ್ಸಾಪ್ ಗುಂಪಿಗಲ್ಲ.

ಹೊರಡುವ ಮೊದಲು ದಿಂಬಿನ ಕೆಳಗೆ ಕೈಯಾಡಿಸಿ. ಗಾಳಿ ಸೋಕದಿರಲಿ ಅಂತ ಇಟ್ಟ ಕತ್ತಿಯೋ ಕುಡುಗೋಲೋ ಇರುತ್ತದೆ, ಅದನ್ನು ತೆಗೆಯಿರಿ. ಮಗು ತನ್ನದಲ್ಲ, ಅದರಲ್ಲಿ ಏನೋ ಸೇರಿಕೊಂಡಿದೆ ಅಂದುಕೊಂಡ ತಾಯಿಯ ಕೈಗೆಟುಕುವಂತೆ ಅಲಗು ಇಡುವುದಕ್ಕಿಂತ ದೊಡ್ಡ ಅಪಾಯ ಆ ಕೋಣೆಯಲ್ಲಿ ಇನ್ನೊಂದಿಲ್ಲ. ಅವಳನ್ನೂ ಮಗುವನ್ನೂ ಒಂದು ಕ್ಷಣವೂ ಇಬ್ಬರೇ ಇರಲು ಬಿಡಬೇಡಿ. ಬಾವಿ, ಮಾಳಿಗೆ, ಹೊಲಕ್ಕೆ ಹೊಡೆಯುವ ಔಷಧಿ, ಮಾತ್ರೆ ಡಬ್ಬಿ ಎಲ್ಲಕ್ಕೂ ಕಾವಲು ಬೇಕು.

ಆಸ್ಪತ್ರೆಯಲ್ಲಿ ಮೊದಲು ಜ್ವರ, ರಕ್ತದೊತ್ತಡ, ರಕ್ತಹೀನತೆ, ಥೈರಾಯ್ಡ್ ನೋಡಬೇಕು. ಹೆರಿಗೆಯ ನಂಜು ಏರಿದರೂ, ಒತ್ತಡ 160/110 ಮುಟ್ಟಿದರೂ ಬಾಣಂತಿ ಬಡಬಡಿಸುತ್ತಾಳೆ, ಅವಕ್ಕೆ ಚಿಕಿತ್ಸೆ ಬೇರೆ. ಅವೆಲ್ಲ ಇಲ್ಲವೆಂದಾದರೆ ಮನೋವೈದ್ಯರ ಸರದಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ, ಆದರೆ ಇದಕ್ಕೆ ಮಂಗಳವಾರ ಕಾಯಬೇಡಿ. 108 ಕರೆದು ಜಿಲ್ಲಾ ಆಸ್ಪತ್ರೆಗೆ ಹೋಗಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ–ಮಗು ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ವಾರ್ಡೇ ಇದೆ.

ಮಾತ್ರೆಯಿಂದ ಹಾಲು ಕೆಡುತ್ತದೆಂಬ ಭಯಕ್ಕೆ ಚುಟುಕು ಉತ್ತರ: ಒಲಾಂಜಪಿನ್‌ನಂಥವು ಹಾಲಿಗೆ ಸೇರುವುದು ಬಲು ಕಡಿಮೆ, ಲಿಥಿಯಂ ಕೊಡುವಾಗ ಮಾತ್ರ ವಿಶೇಷ ಎಚ್ಚರ ಬೇಕು. ಯಾವುದು ಅಂತ ವೈದ್ಯರು ನಿರ್ಧರಿಸಲಿ. ರಾತ್ರಿ ಐದಾರು ಗಂಟೆ ಎಡೆಬಿಡದ ನಿದ್ದೆಯೂ ಔಷಧಿಯೇ. ಆ ಹೊತ್ತಿಗೆ ಹಿಂಡಿಟ್ಟ ಹಾಲನ್ನು ಮನೆಯವರು ಒಳಲೆಯಲ್ಲಿ ಕುಡಿಸಲಿ. ಬಹುತೇಕರು ಕೆಲವು ವಾರಗಳಲ್ಲಿ ಹತೋಟಿಗೆ ಬರುತ್ತಾರೆ. ಎಡವುವುದು ಅದರ ನಂತರ: ಹುಷಾರಾದಳೆಂದು ತಿಂಗಳಿಗೇ ಮಾತ್ರೆ ನಿಲ್ಲಿಸುತ್ತಾರೆ, ಕಾಯಿಲೆ ಮರಳುತ್ತದೆ. ಮುಂದಿನ ಬಸುರಿನಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮತ್ತೆ ಬರುವುದರಿಂದ ಆಗ ಮೊದಲೇ ಮನೋವೈದ್ಯರಿಗೆ ತಿಳಿಸಬೇಕು.

ದೃಷ್ಟಿ ತೆಗೆಯಿರಿ, ಕುಲದೇವರಿಗೆ ಹರಕೆ ಹೊರಿ, ಯಾರ ತಕರಾರೂ ಇಲ್ಲ. ಮೆಣಸಿನಕಾಯಿ ಹೊಗೆ, ಹುಣಸೆ ಬರಲು, ಹಗ್ಗ ಬಂದರೆ ಅದು ಅಪರಾಧ. ವಾಮಾಚಾರ ತಡೆಗೆ 2017ರಲ್ಲಿ ಅಂಗೀಕಾರವಾದ ಕರ್ನಾಟಕದ ಕಾಯ್ದೆ 2020ರಿಂದ ಜಾರಿಯಲ್ಲಿದೆ.

ನೀವು ಕೇಳಿಲ್ಲ, ಆದರೂ ಒಂದು ಮಾತು: ಅವಳಿಗೆ ಕುಡಿಯಲು ಎಷ್ಟು ನೀರು ಕೊಡುತ್ತಿದ್ದೀರಿ? ಹೊಟ್ಟೆ ಬರುತ್ತದೆ, ಮೈ ಊದುತ್ತದೆ, ಮಗುವಿಗೆ ಶೀತವಾಗುತ್ತದೆ ಅಂತ ದಿನಕ್ಕೆ ಎರಡು ಲೋಟ ಅಳೆದು ಕೊಡುವ ಮನೆಗಳು ಇನ್ನೂ ಇವೆ. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ನೀರಿಲ್ಲದೆ ಅದು ಇನ್ನಷ್ಟು ಗಟ್ಟಿಯಾಗಿ ಮಿದುಳಿನ ಅಭಿಧಮನಿಯಲ್ಲೇ ಹೆಪ್ಪು ಕೂರಬಹುದು. ಸಹಿಸಲಾಗದ ತಲೆನೋವು, ವಾಂತಿ, ಫಿಟ್ಸ್, ಒಂದು ಕೈ ಸೋಲುವುದು ಅದರ ಲಕ್ಷಣ. ಇದನ್ನೂ ನಮ್ಮವರು ಗಾಳಿಯ ಖಾತೆಗೇ ಬರೆಯುತ್ತಾರೆ. ಎಂಆರ್‌ಐಯಲ್ಲಿ ಕಾಣುತ್ತದೆ, ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಔಷಧಿ ಕೊಟ್ಟರೆ ಬಹಳಷ್ಟು ಮಂದಿ ಉಳಿಯುತ್ತಾರೆ. ಹಾಲೂಡಿಸುವವಳ ಮೈಯಿಂದ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲಾಗಿಯೇ ಹೋಗುತ್ತದೆ. ಜೀರಿಗೆ ಹಾಕಿ ಕುದಿಸಿದ ಬಿಸಿನೀರೇ ಆಗಲಿ, ಗಂಜಿ ಸಾರು ಎಲ್ಲ ಸೇರಿ ಎರಡೂವರೆಯಿಂದ ಮೂರು ಲೀಟರ್ ಒಳಗೆ ಹೋಗಬೇಕು. ಮಗುವಿಗೆ ಹಾಲು ಕೊಡಲು ಕೂತಾಗಲೆಲ್ಲ ಪಕ್ಕದಲ್ಲಿ ಒಂದು ಚೊಂಬು ಇಟ್ಟುಬಿಡಿ.