ಬಾಣಂತಿ ಸನ್ನಿ: ‘ಶರಪಂಜರ’ದ ಕಾವೇರಿಗೆ ಆಗಿದ್ದೇನು?

ಹೆರಿಗೆಯಾದ ಮೊದಲೆರಡು ವಾರಗಳಲ್ಲಿ ಕೆಲವು ಬಾಣಂತಿಯರಿಗೆ ಇದ್ದಕ್ಕಿದ್ದಂತೆ ಬರುವ ತೀವ್ರ ಮಾನಸಿಕ ಕಾಯಿಲೆಯೇ ಬಾಣಂತಿ ಸನ್ನಿ. ವೈದ್ಯರು ಪೋಸ್ಟ್‌ಪಾರ್ಟಮ್ ಸೈಕೋಸಿಸ್ ಅನ್ನುತ್ತಾರೆ. ಸಾವಿರ ಹೆರಿಗೆಗೆ ಒಬ್ಬಿಬ್ಬರಲ್ಲಿ ಕಾಣುತ್ತದೆ. ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳು ಬಂದು ತಾನೇ ನಿಲ್ಲುವುದುಂಟಲ್ಲ, ಅದಲ್ಲ ಇದು. ವಾರಗಟ್ಟಲೆ ಕಾಡುವ ಬಾಣಂತಿಯ ಖಿನ್ನತೆಯೂ ಬೇರೆ.

ಮೊದಲು ಹೋಗುವುದು ನಿದ್ದೆ. ಮಗು ಮಲಗಿದರೂ ತಾಯಿಗೆ ಕಣ್ಣು ಹತ್ತುವುದಿಲ್ಲ, ಆದರೆ ಸುಸ್ತೂ ಇಲ್ಲ. ವಿಪರೀತ ಮಾತು, ಅಥವಾ ಮಾತೇ ಇಲ್ಲ. ಇದು ನನ್ನ ಮಗುವಲ್ಲ, ಯಾರೋ ಬದಲಾಯಿಸಿದ್ದಾರೆ ಎಂಬ ಗಟ್ಟಿ ನಂಬಿಕೆ. ಬೇರೆಯವರಿಗೆ ಕೇಳದ ದನಿಗಳು. ಬೆಳಿಗ್ಗೆ ಸರಿಯಾಗಿದ್ದವಳು ಮಧ್ಯಾಹ್ನಕ್ಕೆ ಗುರುತೇ ಸಿಗದಂತೆ ಆಗಬಹುದು. ಹಾಗಾಗಿಯೇ ಮನೆಯವರು ‘ಶೀತ ಆಗಿದೆ, ಗಾಳಿ ಸೋಕಿದೆ’ ಎಂದು ಕಿವಿಗೆ ಬಟ್ಟೆ ಕಟ್ಟಿ ಕಾಯುತ್ತಾರೆ. ಕಾಯುವಂಥ ಕಾಯಿಲೆಯಲ್ಲ ಇದು. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯವಿದೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಕನ್ನಡಿಗರಲ್ಲಿ ಹೆಚ್ಚಿನವರು ಇಂಥದ್ದನ್ನು ಮೊದಲು ನೋಡಿದ್ದು ತೆರೆಯ ಮೇಲೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಎಪ್ಪತ್ತರ ದಶಕದ ಆರಂಭದಲ್ಲಿ ತೆಗೆದ ‘ಶರಪಂಜರ’ದಲ್ಲಿ ಕಲ್ಪನಾ ಮಾಡಿದ ಕಾವೇರಿಗೆ ಎರಡನೇ ಹೆರಿಗೆಯ ನಂತರ ಮನಸ್ಸು ಹಿಡಿತ ತಪ್ಪುತ್ತದೆ. ಆ ಚಿತ್ರ ಇವತ್ತಿಗೂ ನಿಲ್ಲುವುದು ಹುಚ್ಚಿನ ದೃಶ್ಯಗಳಿಂದಲ್ಲ, ವಾಸಿಯಾಗಿ ಮನೆಗೆ ಬಂದ ಮೇಲಿನ ದೃಶ್ಯಗಳಿಂದ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಗಂಡನಂತೂ ಅಷ್ಟರಲ್ಲಿ ಇನ್ನೊಬ್ಬಳ ಕಡೆ ವಾಲಿರುತ್ತಾನೆ. ರೋಗಿಯನ್ನು ಕೊಲೆಗಾರನನ್ನಾಗಿಯೋ ಕಾಮಿಡಿ ಪಾತ್ರವನ್ನಾಗಿಯೋ ಮಾಡಿ, ‘ನಿಮ್ಹಾನ್ಸ್‌ಗೆ ಸೇರಿಸ್ರಿ ಇವನ್ನ’ ಎಂದು ಚಪ್ಪಾಳೆ ಗಿಟ್ಟಿಸುವ ಸಿನಿಮಾಗಳ ನಡುವೆ ಇದು ದೊಡ್ಡ ಮಾತು.

ಆದರೂ ಒಂದು ಕಡೆ ಪುಟ್ಟಣ್ಣನವರೂ ಸಿನಿಮಾದ ರೂಢಿಗೇ ಒಲಿದಿದ್ದಾರೆ. ಕಾವೇರಿಯ ಕಾಯಿಲೆಗೆ ಹಿಂದಿನ ಒಂದು ಘಟನೆಯ ಗಾಯವನ್ನು ಬೇರಾಗಿ ಕೊಡುತ್ತಾರೆ. ಕಥೆಗೆ ಕಾರಣ ಬೇಕು, ನಿಜ. 2004ರ ‘ಆಪ್ತಮಿತ್ರ’ದಲ್ಲಂತೂ ಗಂಗಾ ನಾಗವಲ್ಲಿಯಾಗುವುದಕ್ಕೂ ಗುಣವಾಗುವುದಕ್ಕೂ ಒಂದೊಂದು ನಾಟಕವೇ ನಡೆಯುತ್ತದೆ. (ಅದು ಇಬ್ಬಗೆ ವ್ಯಕ್ತಿತ್ವದ ಕಥೆ, ಸೈಕೋಸಿಸ್‌ಗೂ ಅದಕ್ಕೂ ಸಂಬಂಧವಿಲ್ಲ.) ಬಾಣಂತಿ ಸನ್ನಿಗೆ ಹಳೆಯ ಗುಟ್ಟು ಇರಲೇಬೇಕೆಂದಿಲ್ಲ. ಹೆರಿಗೆಯಾದೊಡನೆ ಹಾರ್ಮೋನುಗಳು ಧಡಕ್ಕನೆ ಇಳಿಯುವುದು, ನಿದ್ದೆಗೇಡು, ಇವುಗಳ ಪಾತ್ರವಿದೆ ಎನ್ನುತ್ತಾರೆ. ಬೈಪೋಲಾರ್ ಕಾಯಿಲೆ (ಮನಸ್ಸು ಕೆಲಕಾಲ ವಿಪರೀತ ಉತ್ಸಾಹಕ್ಕೂ ಕೆಲಕಾಲ ಖಿನ್ನತೆಗೂ ಹೊರಳುವುದು) ಇರುವವರಿಗೆ, ಮನೆತನದಲ್ಲಿ ಈ ಸನ್ನಿ ಬಂದವರಿಗೆ ಅಪಾಯ ಹೆಚ್ಚು.

ಕರೆಂಟ್ ಶಾಕ್ ಕೂಡ ಸಿನಿಮಾದಲ್ಲಿ ಶಿಕ್ಷೆಯಾಗಿ ಬರುತ್ತದೆ: ಕೈಕಾಲು ಕಟ್ಟಿ, ಕಿರುಚಾಟದ ಮಧ್ಯೆ. ಬಾಣಂತಿ ಸನ್ನಿ ತೀವ್ರವಾಗಿದ್ದಾಗ ಔಷಧಿಯ ಜೊತೆ ಇದು ಚೆನ್ನಾಗಿ ಕೆಲಸ ಮಾಡುವ ಚಿಕಿತ್ಸೆ. ಅರಿವಳಿಕೆ ಕೊಡದೆ ಇದನ್ನು ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ತಾಯಿಯನ್ನು ಮಗುವಿನಿಂದ ಅಗಲಿಸಲೇಬೇಕು ಎಂಬುದೂ ಹಳೆಯ ಮಾತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗವಿದೆ.

ಹೆಚ್ಚಿನವರು ಕೆಲವು ವಾರ, ತಿಂಗಳುಗಳಲ್ಲಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಾಧ್ಯತೆ ಮಾತ್ರ ಜಾಸ್ತಿ. ಆದ್ದರಿಂದ ಎರಡನೇ ಬಸಿರಿಗೆ ಮುಂಚೆಯೇ ಹೆರಿಗೆ ಡಾಕ್ಟರಿಗೂ ಮನೋವೈದ್ಯರಿಗೂ ಈ ವಿಷಯ ಹೇಳಿಡಬೇಕು, ಅತ್ತೆ ಮನೆಯವರು ಬೇಡವೆಂದರೂ.